ಅಪ್‌ಡೇಟ್: ಬಕೆಟ್ ಬಿರುಕಿಗೆ ಕೊನೆಗೂ 7018 ವೆಲ್ಡಿಂಗ್ ರಾಡನ್ನೇ ಆರಿಸಿಕೊಂಡೆ

ಇಳಕಲ್ ಬಳಿಯ ಗ್ರಾನೈಟ್ ಕ್ವಾರಿಯಲ್ಲಿ ದುಡಿಯುವ ನಮ್ಮ 20 ಟನ್ನಿನ ಎಕ್ಸ್‌ಕವೇಟರ್‌ನ ಬಕೆಟ್, ಹಲ್ಲನ್ನು ಹಿಡಿದಿಡುವ ಅಡಾಪ್ಟರ್‌ನ ಬುಡದಲ್ಲಿ ಬಿರುಕು ಬಿಟ್ಟಿತ್ತು. ಅದನ್ನು ಬೆಸೆಯಲು ಮಿಗ್ (ಗ್ಯಾಸಿನ ಮರೆಯಲ್ಲಿ ತಂತಿ ಕರಗಿಸುವ ವೆಲ್ಡಿಂಗ್) ಸರಿಯೋ, ಲೇಪವಿರುವ ರಾಡ್ ಸರಿಯೋ ಎಂದು ಇಲ್ಲಿ ಹಿಂದೆ ಕೇಳಿದ್ದೆ.

ಮಿಗ್ ಮಾಡಿ ನೋಡಿದೆವು. ಬಯಲು ಗಾಳಿಗೆ ಗ್ಯಾಸ್ ಚದುರಿ ಬೆಸುಗೆಯ ತುಂಬ ಸಣ್ಣ ರಂಧ್ರಗಳೆದ್ದವು. ಎಲ್ಲವನ್ನೂ ಕೆರೆದು ತೆಗೆಯಬೇಕಾಯಿತು. ಹಿಂದೆ 6013 ಎಂಬ ಸಾಮಾನ್ಯ ರಾಡಿನಲ್ಲಿ ಹಾಕಿಸಿದ್ದು ಹದಿನೈದೇ ದಿನಕ್ಕೆ ಬಾಯಿಬಿಟ್ಟಿದ್ದೇಕೆಂದು ಈಗ ಅರ್ಥವಾಗಿದೆ. ಲೇಪದ ತೇವದಿಂದ ಬಂದ ಹೈಡ್ರೋಜನ್ ಲೋಹದೊಳಗೆ ಸೇರಿಕೊಂಡು, ಗಡಸು ಉಕ್ಕನ್ನು ತಣಿದ ಮೇಲೆ ಸೀಳುತ್ತದೆ.

ಈ ಸಲ ಹೈಡ್ರೋಜನ್ ಕಡಿಮೆ ಬಿಡುವ 7018 ರಾಡನ್ನು, ತೇವ ಹೋಗಲೆಂದು ಓವನ್‌ನಲ್ಲಿ 350 ಡಿಗ್ರಿಗೆ ಒಂದು ಗಂಟೆ ಒಣಗಿಸಿದೆವು. ಬಿರುಕು ಮುಂದಕ್ಕೆ ಹರಡದಂತೆ ಅದರ ತುದಿಗಳಲ್ಲಿ ರಂಧ್ರ ಕೊರೆದು, ಗ್ರೈಂಡರ್‌ನಿಂದ ಬುಡದವರೆಗೂ ವಿ ಆಕಾರಕ್ಕೆ ತೆರೆದು, 150 ಡಿಗ್ರಿಗೆ ಕಾಯಿಸಿ ಪದರ ಪದರವಾಗಿ ತುಂಬಿದೆವು. ನಿಧಾನವಾಗಿ ಆರಲೆಂದು ಗ್ಲಾಸ್ ವೂಲ್ ಹೊದಿಸಿದೆವು. ಈ ಹೊದಿಕೆಗೇ ನಮ್ಮ ವೆಲ್ಡರ್ ಅಣ್ಣ ಮೊದಲು ಒಪ್ಪಿರಲಿಲ್ಲ.

ಬ್ಯಾಟರಿ ಸಂಪರ್ಕ ಬಿಡಿಸಿ, ಅರ್ಥ್ ಕ್ಲ್ಯಾಂಪನ್ನು ಬಕೆಟ್‌ಗೇ ಹಾಕಿ ಎಂದು ತಿಳಿಸಿದ ಹಿರಿಯರಿಗೆ ನಮಸ್ಕಾರ. ದೂರ ಹಾಕಿದ್ದರೆ ಕರೆಂಟ್ ಕೀಲುಗಳಲ್ಲಿರುವ ಪಿನ್ನು, ಬುಷ್‌ಗಳ ಮೂಲಕ ಹರಿದು ಅವನ್ನು ಸುಡುತ್ತಿತ್ತು.

ಎರಡು ತಿಂಗಳಾಯಿತು, ಬೆಸುಗೆ ಗಟ್ಟಿಯಾಗಿದೆ. ಬಕೆಟ್‌ನ ತುಟಿಯ (ಮುಂಭಾಗದ ಅಂಚಿನ) ಸವೆತಕ್ಕೆ ಹಾರ್ಡ್‌ಫೇಸಿಂಗ್, ಅಂದರೆ ಮೇಲೊಂದು ಗಡಸು ಲೋಹದ ಪದರ ಹಾಕುವುದು, ಮುಂದಿನ ವಾರ.