ಮೊಲಕ್ಕೆ ಹಸಿ ಸೊಪ್ಪು ಶುರು ಮಾಡುವುದು ಹೇಗೆ?

ಡೊಂಬಿವಲಿಯಿಂದ ಪ್ರಶ್ನೆ:
ನಮ್ಮ ಮೊಲಕ್ಕೆ ನಾಲ್ಕು ತಿಂಗಳು. ಇಷ್ಟು ದಿನ ಒಣಹುಲ್ಲು, ಪೆಲೆಟ್ (ಗುಳಿಗೆಯಂಥ ಒಣ ಆಹಾರ) ಅಷ್ಟೇ. ಮೊನ್ನೆ ಸ್ಟೇಷನ್ ಹತ್ತಿರ ಮೆಂತ್ಯ, ಪಾಲಕ್, ಕೊತ್ತಂಬರಿ ತಂದು ಮೂರನ್ನೂ ಸೇರಿಸಿ ಒಂದು ಹಿಡಿ ಹಾಕಿದೆ, ಆಸೆಯಿಂದ ತಿಂದಿತು, ಬೆಳಗ್ಗೆ ನೋಡಿದರೆ ಹಿಕ್ಕೆ ಎಲ್ಲ ಅಂಟು ಅಂಟು. ತುಂಬಾ ಭಯ ಆಯಿತು. ಬರೀ ಹುಲ್ಲು ಕೊಟ್ಟ ಮೇಲೆ ಸರಿಹೋಗಿದೆ. ಮತ್ತೆ ಸೊಪ್ಪು ಕೊಡಲೇ ಬಾರದಾ?

ಪುಣೆಯಿಂದ:
ಖಂಡಿತ ಕೊಡಿ. ಆದರೆ ಒಂದು ಸಲಕ್ಕೆ ಒಂದೇ ಸೊಪ್ಪು. ಮೊಲದ ಹೊಟ್ಟೆಯಲ್ಲಿ ಸೀಕಮ್ ಅಂತ ದೊಡ್ಡ ಚೀಲ ಇರುತ್ತದೆ, ನಾರು ಕರಗಿಸುವ ಬ್ಯಾಕ್ಟೀರಿಯಾ ಎಲ್ಲ ಅಲ್ಲೇ ಇರುವುದು, ದಿಢೀರ್ ಅಂತ ಹೊಸ ಆಹಾರ ಬಿದ್ದರೆ ಅವುಗಳ ಲೆಕ್ಕ ತಪ್ಪುತ್ತದೆ. ಕೊತ್ತಂಬರಿ ಎರಡು ಕಡ್ಡಿಯಿಂದ ಶುರು ಮಾಡಿ. ಮೂರು ನಾಲ್ಕು ದಿನ ಹಿಕ್ಕೆ ಗುಂಡಗೆ, ಒಣಗಿ ಬಂದರೆ ಸ್ವಲ್ಪ ಹೆಚ್ಚಿಸಿ, ಆಮೇಲೆ ಪುದೀನ ನೋಡಿ. ಮೂರನೇದು ಮೂಲಂಗಿ ಸೊಪ್ಪು ಆಗಬಹುದು. ಮೆತ್ತಗಾದರೆ ಆ ಸೊಪ್ಪು ನಿಲ್ಲಿಸಿ. ಅಂದಹಾಗೆ, ದ್ರಾಕ್ಷಿ ಗೊಂಚಲಿನ ಹಾಗೆ ಹೊಳೆಯುವ ಮೆತ್ತನೆ ಹಿಕ್ಕೆಯನ್ನು ಮೊಲ ತಾನೇ ತಿನ್ನುತ್ತದೆ. ಅದು ರೋಗ ಅಲ್ಲ, ತಡೆಯಬೇಡಿ.

ಮಾಟುಂಗಾದಿಂದ:
ಪಾಲಕ್‌ನಲ್ಲಿ ಆಕ್ಸಲೇಟ್ (ಹೆಚ್ಚಾದರೆ ಕಿಡ್ನಿಗೆ ಒಳ್ಳೆಯದಲ್ಲದ ಅಂಶ) ಜಾಸ್ತಿ, ದಿನಾ ಬೇಡ. ಎಲೆಕೋಸು ಕೆಲವು ಮೊಲಗಳಿಗೆ ಗ್ಯಾಸ್ ಮಾಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ ಗಿಡದ ಎಲೆ, ಆಲೂಗಡ್ಡೆ ಎಲೆ ಇವು ಬೇಡವೇ ಬೇಡ. ಮಳೆಗಾಲದಲ್ಲಿ ನಮ್ಮ ಮುಂಬೈಗೆ ಬರುವ ಸೊಪ್ಪು ಅರ್ಧ ಕೆಸರು, ಒಳಗೊಳಗೇ ಕೊಳೆತಿರುತ್ತದೆ. ಕಟ್ಟು ಬಿಚ್ಚಿ ಎಲೆ ಎಲೆ ನೋಡಿ, ಎರಡು ಮೂರು ನೀರಲ್ಲಿ ತೊಳೆಯಿರಿ.

ಒಂದು ಮಾತು ಮಾತ್ರ ಮರೆಯಬೇಡಿ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ ಮೂಲೆಯಲ್ಲಿ ಮುದುಡಿ ಕೂತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ನಾನು ಹಾಗೆ ಕಾದು ಒಂದು ಮೊಲ ಕಳೆದುಕೊಂಡಿದ್ದೇನೆ. ಎಲ್ಲ ವೆಟ್‌ಗಳೂ ಮೊಲ ನೋಡುವುದಿಲ್ಲ, ನೋಡುವವರ ನಂಬರ್ ಈಗಲೇ ಹುಡುಕಿಟ್ಟುಕೊಳ್ಳಿ.

ಡೊಂಬಿವಲಿಯಿಂದ:
ಇಬ್ಬರಿಗೂ ಥ್ಯಾಂಕ್ಸ್. ನಂಬರ್ ಇವತ್ತೇ ಹುಡುಕುತ್ತೇನೆ. ನಾಳೆಯಿಂದ ಕೊತ್ತಂಬರಿ ಎರಡೇ ಕಡ್ಡಿ. ಗಣಪತಿ ಹಬ್ಬಕ್ಕೆ ತಂದ ಗರಿಕೆ ಉಳಿದಿದೆ, ಕೊಡಬಹುದಾ?

ಪುಣೆಯಿಂದ:
ಗರಿಕೆ ಹುಲ್ಲೇ ಅಲ್ವಾ, ಮೊಲಕ್ಕೆ ಒಳ್ಳೆಯದು. ಆದರೆ ಕುಂಕುಮ ತಾಗಿದ್ದು, ಬಾಡಿದ್ದು ಬೇಡ. ಅದನ್ನೂ ನಾಲ್ಕು ಎಳೆಯಿಂದಲೇ ಶುರು ಮಾಡಿ, ಕೊತ್ತಂಬರಿ ಶುರು ಮಾಡಿದ ವಾರ ಬೇಡ.