ಪುಟ್ಟಿ, ದೀಪ ಹತ್ತಿದ ಕಾರಲ್ಲಿ ಘಾಟಿ ಹತ್ತಬೇಡಿ

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡಿದೆ ಮಾರಾಯ್ತಿ. ನಾನು ಟೈಪ್ ಮಾಡುತ್ತಾ ಕೂತರೆ ನೀವು ಅಷ್ಟರಲ್ಲಿ ಹೊರಟೇ ಬಿಡುತ್ತೀರಿ, ಅದಕ್ಕೇ ಮನೆಯವರ ಗ್ರೂಪಿಗೇ ಮಾತಾಡಿ ಕಳಿಸುತ್ತಿದ್ದೇನೆ. ಕೇರಳದಿಂದ ಬರುವಾಗ ಥರ್ಮಾಮೀಟರ್ ಚಿತ್ರದ ಕೆಂಪು ದೀಪ ಎರಡು ಸಲ ಹತ್ತಿ ಆರಿತು, ಈಗ ಉಡುಪಿಯಲ್ಲಿದ್ದೇವೆ, ಸಂಜೆ ನಾಲ್ಕಕ್ಕೆ ಹೊರಟರೆ ಆಗುಂಬೆ ಘಾಟಿ ಹತ್ತಿ ರಾತ್ರಿ ಊಟಕ್ಕೆ ಶಿವಮೊಗ್ಗ, ಪರವಾಗಿಲ್ವಾ ದೊಡ್ಡಪ್ಪ ಅಂತ ಕೇಳಿದ್ದೀಯ.

ಪರವಾಗಿಲ್ಲ ಅನ್ನುವ ಹಾಗಿಲ್ಲ. ಬಹಳ ಪರವಾಗಿದೆ.

ನಮ್ಮ ಬಿಳಿ ಅಂಬಾಸಿಡರ್ ಕಥೆ ಗೊತ್ತಲ್ಲ ನಿಮಗೆಲ್ಲ? 1996ರ ಮೇ ತಿಂಗಳು. ಕನ್ಯಾಕುಮಾರಿ, ಗುರುವಾಯೂರು ಎಲ್ಲ ಮುಗಿಸಿ ವಾಪಸ್ ಬರುತ್ತಿದ್ದೆವು. ಒಂದು ಕಾರು, ಒಂಬತ್ತು ಜನ. ನೀನು ಆಗ ಮೂರು ವರ್ಷದವಳು, ಕಾಪು ಹತ್ತಿರ ಚಿಕ್ಕಮ್ಮನ ರೇಷ್ಮೆ ಸೀರೆ ಮೇಲೆ ವಾಂತಿ ಮಾಡಿದ್ದು ನಿನಗೆ ನೆನಪಿರಲಿಕ್ಕಿಲ್ಲ, ಅವಳಿಗೆ ಇದೆ. ಬೆಳಿಗ್ಗೆ ಐದಕ್ಕೆ ಗುರುವಾಯೂರು ಬಿಟ್ಟವರು ಉಡುಪಿಗೆ ಬಂದು ದೇವರ ದರ್ಶನ ಮಾಡಿ, ಅಕ್ಕ ಶಂಕರಪುರ ಮಲ್ಲಿಗೆ ಒಂದು ಅಟ್ಟೆ ಬೇಕೇ ಬೇಕು ಅಂತ ಹಟ ಹಿಡಿದು, ಡಿಕ್ಕಿಯಲ್ಲಿ ಜಾಗ ಇಲ್ಲದೆ ಮಟ್ಟು ಗುಳ್ಳ ಬದನೆಕಾಯಿಯ ಚೀಲ ನನ್ನ ಕಾಲ ಹತ್ತಿರ ಇಟ್ಟುಕೊಂಡು, ಅಂತೂ ಹೆಬ್ರಿಗೆ ಬರುವಾಗ ಹೊತ್ತು ಮುಳುಗುತ್ತಿತ್ತು. ಅಲ್ಲಿ ಚಾರ್ಜಿಂಗ್ ದೀಪ ಹತ್ತಿತು. ಕೆಂಪು.

ಭಾವ ಮುಂದಿನ ಸೀಟಲ್ಲೇ ಇದ್ದರು. ಏನದು ದೀಪ ಅಂದರು. ಬ್ಯಾಟರಿದು ಇರಬೇಕು ಭಾವ, ಮನೆ ಹತ್ತಿರ ಬಂತಲ್ಲ, ನಾಳೆ ನೋಡೋಣ ಅಂದೆ. ಈ ಮನೆ ಹತ್ತಿರ ಬಂತಲ್ಲ ಅನ್ನೋದು ಇದೆಯಲ್ಲ, ಅದೇ ಹಾಳು ಮಾಡುವುದು. ಕನ್ಯಾಕುಮಾರಿಯಲ್ಲಿ ದೀಪ ಹತ್ತಿದ್ದರೆ ನಿಲ್ಲಿಸುತ್ತಿದ್ದೆ.

ಆ ಕಾರಲ್ಲಿ ಡೈನಮೋ ತಿರುಗಿಸುವುದೂ ಅದೇ ಬೆಲ್ಟ್, ಫ್ಯಾನು, ನೀರಿನ ಪಂಪು ತಿರುಗಿಸುವುದೂ ಅದೇ ಬೆಲ್ಟ್. ಬೆಲ್ಟ್ ಹರಿದರೆ ಚಾರ್ಜೂ ಇಲ್ಲ, ಇಂಜಿನ್ನಿಗೆ ತಂಪೂ ಇಲ್ಲ. ಬಿಸಿ ತೋರಿಸುವ ಮುಳ್ಳು ಕೆಟ್ಟು ಎರಡು ವರ್ಷ ಆಗಿತ್ತು, ರಿಪೇರಿ ಮಾಡಿಸಿರಲಿಲ್ಲ. ಸೋಮೇಶ್ವರ ದಾಟಿ ಘಾಟಿ ಹತ್ತಲು ಶುರು ಮಾಡಿದೆ. ಹದಿನಾಲ್ಕು ತಿರುವಲ್ಲಿ ಅರ್ಧ ಆಗಿರಬೇಕು, ಎದುರಿಗೆ ಬೆಳ್ಳಗೆ ಆಯಿತು. ನಾನು ಆಗುಂಬೆ ಮಂಜು ಅಂದುಕೊಂಡೆ ನೋಡು! ವೈಪರ್ ಹಾಕಿದೆ. ವೈಪರ್ ಆಚೆ ಈಚೆ ಹೋಗುತ್ತಿದೆ, ಮಂಜು ಮಾತ್ರ ಬಾನೆಟ್ ಸಂದಿಯಿಂದ ಬರುತ್ತಿದೆ.

ನಿಲ್ಲಿಸಿದೆ. ಅಕ್ಕ ಇಳಿದು ಚಕ್ರದ ಹಿಂದೆ ಕಲ್ಲು ಕೊಟ್ಟಳು. ಭಾವ ಬಾನೆಟ್ ಎತ್ತಿ, ಹೆಗಲ ಮೇಲಿನ ಬೈರಾಸನ್ನು ರೇಡಿಯೇಟರ್ ಮುಚ್ಚಳದ ಮೇಲೆ ಹಾಕಿದರು. ತೆಗೀಬೇಡಿ ಭಾವ ಅಂದೆ, ದೇವರಾಣೆ ಅಂದೆ. ಅರ್ಧ ತಿರುಗಿಸಿದ್ದೇ ತಡ, ಬುಸ್ಸ್ ಅಂತ ಕುದಿಯುವ ನೀರು ಮೇಲಕ್ಕೆ ಹಾರಿತು. ಬೈರಾಸು ಎಲ್ಲೋ ಹೋಯಿತು. ಅವರ ಬಲಗೈ ಮೊಣಕೈವರೆಗೆ, ಕರಿದ ಹಪ್ಪಳದ ಮೇಲೆ ಗುಳ್ಳೆ ಏಳುತ್ತಲ್ಲ, ಹಾಗೆ ಎದ್ದಿತು. ಕ್ಯಾನಿನಲ್ಲಿ ಇದ್ದ ಕುಡಿಯುವ ನೀರನ್ನೆಲ್ಲ ಅಕ್ಕ ಅವರ ಕೈಗೇ ಸುರಿದಳು. ಸರಿಯಾಗೇ ಮಾಡಿದಳು, ಆದರೆ ಆಮೇಲೆ ಮಕ್ಕಳಿಗೆ ಕುಡಿಯೋಕೆ ಹನಿ ನೀರಿಲ್ಲ, ಕಾರಿಗೂ ಇಲ್ಲ. ಅಷ್ಟರಲ್ಲಿ ಮಳೆ.

ಕೊನೇ ಬಸ್ಸಿನ ಡ್ರೈವರ್ ಪುಣ್ಯಾತ್ಮ, ಹೆಂಗಸರು ಮಕ್ಕಳು, ಭಾವ ಎಲ್ಲರನ್ನೂ ಹತ್ತಿಸಿಕೊಂಡು ತೀರ್ಥಹಳ್ಳಿಗೆ ಬಿಟ್ಟ. ಕಾರಲ್ಲಿ ನಾನು ಮತ್ತು ನಿನ್ನ ಅಪ್ಪ. ಅವನು ಇಷ್ಟೆಲ್ಲ ಆಗುವಾಗಲೂ ಹಿಂದಿನ ಸೀಟಲ್ಲಿ ಮಲಗಿದ್ದ, ಎದ್ದು ಮನೆ ಬಂತಾ ಅಂತ ಕೇಳಿದ. ರಾತ್ರಿಯಿಡೀ ಕಾರಿನೊಳಗೆ ಮಲ್ಲಿಗೆ ವಾಸನೆ, ನಿನ್ನ ವಾಂತಿ ವಾಸನೆ, ಎರಡೂ ಸೇರಿ... ಬೇಡ ಬಿಡು. ಬೆಳಿಗ್ಗೆ ಕಾಲು ನೋಡಿದರೆ ಮೂರು ಉಂಬಳ, ಅದೇ ಜಿಗಣೆ. ಮಂಗ ಬಂದು ಬಾಳೆಗೊನೆ ತೆಗೆದುಕೊಂಡು ಹೋಯಿತು, ಗುಳ್ಳ ಮುಟ್ಟಲಿಲ್ಲ. ಕೊನೆಗೆ ತೀರ್ಥಹಳ್ಳಿಯಿಂದ ಮೆಕ್ಯಾನಿಕ್ ಬೆಲ್ಟ್ ತಂದು ಹಾಕಿದ.

ಹಾಗಾಗಿ ಹೇಳುತ್ತಿದ್ದೇನೆ, ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. ಬಟ್ಟೆ ಇಟ್ಟು ತೆಗೆಯುತ್ತೇನೆ ಅಂತ ನಿನ್ನ ಗಂಡ ಹೊರಟರೆ ಬಿಡಬೇಡ. ಬಿಸಿ ಇರುವಾಗ ಮುಚ್ಚಳ ಮುಟ್ಟಬೇಡಿ, ತಿಳೀತಲ್ಲ.

ಸಾಗರದ ಹುಡುಗರೂ, ಭಾವನ ಮಕ್ಕಳೂ, ಕೇಳಿಸಿಕೊಳ್ಳಿ. ಪ್ರತಿ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತು, ಮಾವನ ಡಬ್ಬಾ ಕಾರಿಂದ ಅಪ್ಪನ ಕೈ ಸುಟ್ಟಿತು ಅಂತ ಹೇಳುತ್ತೀರಲ್ಲ. ದೀಪ ನೋಡಿಯೂ ನಿಲ್ಲಿಸದವನು ನಾನು, ಒಪ್ಪಿದೆ. ಮುಚ್ಚಳ ತೆಗೆದದ್ದು ಯಾರು? ಈಗ ವಾದ ಮಾಡೋಣ ಅಂದರೆ ಭಾವನೂ ಇಲ್ಲ. ಕೈ ಸುಟ್ಟ ಮೇಲೂ ನಮ್ಮ ಮನೆಗೆ ಬರುವುದನ್ನು ಅವರು ಬಿಡಲಿಲ್ಲ, ಅದನ್ನು ಯಾರೂ ಹೇಳುವುದಿಲ್ಲ. ನೀವೇ ಬರುವುದಿಲ್ಲ. ಹೋದ ದಸರಾ ರಜೆಯಲ್ಲಿ ಪುಟ್ಟಿ, ನೀವು ಮೇಗರವಳ್ಳಿಯಲ್ಲಿ ಚಾ ಕುಡಿದ ಫೋಟೊ ಇದೇ ಗ್ರೂಪಿಗೆ ಹಾಕಿದಿರಿ. ಅಲ್ಲಿಂದ ನಮ್ಮ ಮನೆ ಎಷ್ಟು ದೂರ? ದೊಡ್ಡಮ್ಮ ಆ ಫೋಟೊ ನೋಡಿ ಏನೂ ಮಾತಾಡಲಿಲ್ಲ, ಸುಮ್ನೆ ಫೋನ್ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಲೇಟಾಗಿತ್ತು ದೊಡ್ಡಪ್ಪ ಅಂತೀಯ. ಚಾ ಕುಡಿಯೋಕೆ ಲೇಟಾಗಲಿಲ್ವಾ?

ಒಂದು ನಿಮಿಷ ಇರು, ತೋಟಕ್ಕೆ ದನ ನುಗ್ಗಿತು.

ಹಾಂ. ಅಯ್ಯೋ, ನೀನು ಕೇಳಿದ್ದೇ ಮರೆತೆ ನೋಡು. ಇವತ್ತು ಸಂಜೆ ಹೊರಡಲೇಬೇಡಿ. ಈಗಲೇ ಉಡುಪಿಯಲ್ಲೇ ಗ್ಯಾರೇಜಿಗೆ ತೋರಿಸಿ, ಹೆಬ್ರಿ ದಾಟಿದ ಮೇಲೆ ಯಾರೂ ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಇಂಜಿನ್ ತಂಪಿಡುವ ಕೂಲೆಂಟ್ ಡಬ್ಬಿ ನೋಡಲಿ, ಕಮ್ಮಿ ಇದ್ದರೆ ಎಲ್ಲಿ ಸೋರುತ್ತಿದೆ ಹುಡುಕಲಿ, ಸುಮ್ನೆ ತುಂಬಿಸಿ ಕಳಿಸುವುದಲ್ಲ. ಈಗಿನ ಕಾರಿಗೆ ಕರೆಂಟ್ ಫ್ಯಾನು, ಎಸಿ ಹಾಕಿದರೆ ಮುಂದೆ ಫ್ಯಾನ್ ತಿರುಗುವುದು ಕೇಳಿಸಬೇಕು. ಕೇಳಿಸದಿದ್ದರೆ ಅದನ್ನೂ ಹೇಳಿ. ಸರಿಯಾದರೆ ನಾಳೆ ಬೆಳಿಗ್ಗೆ ಬೇಗ ಹೊರಡಿ. ಸಂಜೆ ಆದರೆ ಸೂರ್ಯಾಸ್ತ ನೋಡಲು ಬಂದವರು ತಿರುವಲ್ಲೇ ಕಾರು ನಿಲ್ಲಿಸಿರುತ್ತಾರೆ, ಏರಿನಲ್ಲಿ ಕ್ಯೂ ನಿಂತರೆ ಇಂಜಿನ್ ಇನ್ನೂ ಬಿಸಿ. ಘಾಟಿಯಲ್ಲಿ ಎಸಿ ಆಫ್, ಕೆಳ ಗೇರು. ಮುಳ್ಳು ಮೇಲೆ ಹೋಗುತ್ತಿದ್ದರೆ ಹೀಟರ್ ಜೋರಾಗಿ ಹಾಕಿ, ಸೆಕೆ ಆಗುತ್ತೆ, ಆಗಲಿ, ಇಂಜಿನ್ನಿನ ಬಿಸಿ ಒಳಗೆ ಎಳೆಯುತ್ತೆ. ದೀಪ ಹತ್ತಿತೋ, ಅಗಲದ ಜಾಗ ನೋಡಿ ನಿಲ್ಲಿಸಿ ಆಫ್ ಮಾಡಿ. ಕುಡಿಯೋ ನೀರು ಬೇರೆ, ಕಾರಿನ ನೀರು ಬೇರೆ ಕ್ಯಾನು. ಸಿಗ್ನಲ್ ನಂಬಬೇಡಿ, ಸಿಕ್ಕಿದ ಕಡೆ 112 ಇದೆ. ಮಕ್ಕಳಿಗೆ ಬೆಳಿಗ್ಗೆ ಹೊಟ್ಟೆ ತುಂಬ ಮಸಾಲೆ ದೋಸೆ ತಿನ್ನಿಸಬೇಡ, ನಿನ್ನ ಮಕ್ಕಳಲ್ವಾ.

ಇದನ್ನು ಗಂಡನಿಗೂ ಕೇಳಿಸು. ಪೂರ್ತಿ ಕೇಳಿಸು, ಸ್ಪೀಡ್ ಜಾಸ್ತಿ ಮಾಡಿ ಅಲ್ಲ. ಮತ್ತೆ ನಾಳೆ ಕಡುಬಿಗೆ ಎಷ್ಟು ತರಿ ಹಾಕಲಿ ಅಂತ ದೊಡ್ಡಮ್ಮ ಕೇಳುತ್ತಿದ್ದಾಳೆ. ನೀವು ನಾಲ್ಕೇ ಜನವಾ, ಅತ್ತೆ ಮಾವನೂ ಇದ್ದಾರಾ?