ಡಿಫರೆನ್ಶಿಯಲ್ ಬೇರಿಂಗ್ ಮನೆಯಲ್ಲೇ ಬದಲಾಯಿಸಬಹುದಾ?

ಪ್ರಶ್ನೆ:
ನನ್ನದು ಹಿಂದಿನ ಚಕ್ರ ಎಳೆಯುವ ಹಳೇ ಕಾರು. ಅಪ್ಪ ಓಡಿಸುತ್ತಿದ್ದದ್ದು, ಹಾಗಾಗಿ ಮಾರುವ ಮನಸ್ಸಿಲ್ಲ. ಮೂರು ತಿಂಗಳಿಂದ ಹಿಂದುಗಡೆ ಒಂದು ಸದ್ದು. ವೇಗ 50 ಕಿ.ಮೀ. ದಾಟಿದರೆ ಗುಂಯ್ ಎಂದು ಶುರುವಾಗುತ್ತದೆ. ಆಕ್ಸಿಲರೇಟರ್ ಒತ್ತಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ನಿನ್ನೆ ಡಿಫರೆನ್ಶಿಯಲ್ (ಎಂಜಿನ್ನಿನ ಬಲವನ್ನು ಎರಡು ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಎಣ್ಣೆ ಇಳಿಸಿದೆ. ಡ್ರೈನ್ ಪ್ಲಗ್‌ನ ಅಯಸ್ಕಾಂತಕ್ಕೆ ಬೂದು ಪೇಸ್ಟ್ ಜೊತೆ ಸಣ್ಣ ಚೂರುಗಳೂ ಅಂಟಿದ್ದವು. ಕ್ಲಚ್, ಬ್ರೇಕ್ ಕೆಲಸ ನಾನೇ ಮಾಡಿದ್ದೇನೆ. ಹಳೇ ಬೇರಿಂಗ್ ಕಿತ್ತು ಅದೇ ನಂಬರಿನ ಹೊಸದು ಕೂರಿಸಿದರೆ ಆಯ್ತಲ್ವಾ?

ಉತ್ತರ 1:
ಮೊದಲು ಚಕ್ರದ ಬೇರಿಂಗ್ ಅಲ್ಲ ಅಂತ ಖಚಿತ ಮಾಡಿಕೊಳ್ಳಿ. ಎಡಕ್ಕೆ, ಬಲಕ್ಕೆ ತಿರುಗಿಸಿದಾಗ ಸದ್ದು ಏರಿಳಿದರೆ ಅನುಮಾನ ಅಲ್ಲಿಗೆ ಹೋಗಬೇಕು. ಪೇಸ್ಟ್ ಎಲ್ಲ ಹಳೇ ಗಾಡಿಗಳಲ್ಲೂ ಇರುತ್ತದೆ. ಚೂರು ಇದ್ದರೆ ಮಾತ್ರ ಬಿಚ್ಚಲೇಬೇಕು.

ಉತ್ತರ 2:
ಗೇರಿನ ಹಲ್ಲಿನ ಸದ್ದಾದರೆ ಎಳೆಯುವಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಇರುತ್ತದೆ. ಎರಡರಲ್ಲೂ ಒಂದೇ ಥರ ಇದ್ದರೆ ಹೆಚ್ಚಾಗಿ ಬೇರಿಂಗೇ. ಎಂಜಿನ್ ಕಡೆಯ ಸಣ್ಣ ಗೇರು ಪಿನಿಯನ್ನು, ಅದು ತಿರುಗಿಸುವ ದೊಡ್ಡ ಗೇರು ಕ್ರೌನ್ ವೀಲಿಗಿಂತ ಮೂರು ನಾಲ್ಕು ಪಟ್ಟು ಜೋರಾಗಿ ಸುತ್ತುತ್ತದೆ. ಅದರ ಬೇರಿಂಗ್ ಸವೆದರೆ ಸಣ್ಣ ದನಿ, ಕ್ರೌನ್ ವೀಲಿನ ಎಡ ಬಲ ಪಕ್ಕದ ಬೇರಿಂಗ್ ಸವೆದರೆ ದಪ್ಪ ದನಿ. ನಿಮ್ಮದು ಪಿನಿಯನ್ನೇ ಇರಬೇಕು ಅನ್ನಿಸುತ್ತದೆ. ಆದರೂ ಪಿನಿಯನ್ನಿನ ಎರಡು, ಪಕ್ಕದ ಎರಡು, ನಾಲ್ಕನ್ನೂ ಬದಲಾಯಿಸಿ. ಒಂದು ಬೇರಿಂಗಿನ ಚೂರು ಎಣ್ಣೆಯ ಜೊತೆ ಉಳಿದ ಮೂರನ್ನೂ ಸುತ್ತಿ ಬಂದಿರುತ್ತದೆ.

ಕಿತ್ತು ಕೂರಿಸಿದರೆ ಆಯ್ತಾ ಅಂದಿರಿ. ಆಗಲ್ಲ. ಮೊದಲ ಸಲ ನಾನು ಹಾಗೇ ಮಾಡಿದೆ. ಎಡ ಬಲದ ಶಿಮ್‌ಗಳನ್ನೆಲ್ಲ (ಅಂತರ ಹೊಂದಿಸುವ ತೆಳು ಲೋಹದ ಬಿಲ್ಲೆಗಳು) ಒಂದೇ ಡಬ್ಬಿಗೆ ಹಾಕಿದ್ದೆ. ಜೋಡಿಸಿದ ಮೇಲೆ ಕಾರು ಮೊದಲಿಗಿಂತ ಜೋರಾಗಿ ಕೂಗಿತು. ಮತ್ತೆ ಬಿಚ್ಚಿದಾಗ ಹಲ್ಲಿನ ಒಂದು ತುದಿ ಮಾತ್ರ ಹೊಳೆಯುತ್ತಿತ್ತು. ಒಳ್ಳೆಯ ಕ್ರೌನ್ ವೀಲು, ಪಿನಿಯನ್ನು ಎರಡೂ ಹಾಳಾದವು. ಆ ಬೇಸರ ಇನ್ನೂ ಹೋಗಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಸ್ಪ್ಯಾನರ್ ಹಾಕುವ ಮುಂಚೆ ಡಯಲ್ ಗೇಜ್ (ಸಣ್ಣ ಅಲುಗಾಟ ಅಳೆಯುವ ಗಡಿಯಾರದಂಥ ಸಾಧನ) ಹಿಡಿಯಿರಿ. ಕ್ರೌನ್ ವೀಲಿನ ಹಲ್ಲಿಗೆ ಮುಳ್ಳು ತಾಗಿಸಿ, ಸುತ್ತಲೂ ನಾಲ್ಕು ಕಡೆ ಬ್ಯಾಕ್‌ಲ್ಯಾಶ್ (ಎರಡು ಗೇರಿನ ಹಲ್ಲುಗಳ ನಡುವಿನ ಸಡಿಲ) ಅಳೆದು ಬರೆದಿಡಿ. ತುಂಬ ಕಾರುಗಳಲ್ಲಿ ಇದು 0.15ರಿಂದ 0.20 ಮಿ.ಮೀ. ಆಸುಪಾಸು. ನಿಮ್ಮ ಕಾರಿನ ಮ್ಯಾನ್ಯುಯಲ್ ಹೇಳಿದ್ದೇ ಕೊನೆ ಮಾತು. ಪಕ್ಕದ ಬೇರಿಂಗ್ ಹಿಡಿದಿಡುವ ಕ್ಯಾಪ್‌ಗಳಿಗೆ ಪಂಚಿನಿಂದ ಗುರುತು ಹಾಕಿ. ಅವನ್ನು ಹೌಸಿಂಗ್ (ಹೊರ ಕವಚ) ಜೊತೆಯಲ್ಲೇ ಕೊರೆದಿರುತ್ತಾರೆ, ಅದಲು ಬದಲಾದರೆ ಕೂರುವುದಿಲ್ಲ. ಎಡದ ಶಿಮ್ ಎಡಕ್ಕೆ, ಬಲದ್ದು ಬಲಕ್ಕೆ, ಬೇರೆ ಬೇರೆ ಚೀಲದಲ್ಲಿ.

ಹೊಸ ಬೇರಿಂಗನ್ನು ಸುತ್ತಿಗೆಯಿಂದ ಬಡಿಯಬೇಡಿ. 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿದರೆ ತಾನೇ ಜಾರಿ ಕೂರುತ್ತದೆ. ಹೊರಗಿನ ರೇಸನ್ನೂ (ರೋಲರ್ ಉರುಳುವ ಬಳೆ) ಹೊಸದೇ ಹಾಕಿ. ಹಳೇ ರೇಸಿನಲ್ಲಿ ಹೊಸ ರೋಲರ್ ಬಾಳಲ್ಲ.

ಪಿನಿಯನ್ನಿನ ತಲೆಗೂ ಬೇರಿಂಗಿಗೂ ನಡುವೆ ಇರುವ ಶಿಮ್ಮೇ ಅದರ ಆಳ ತೀರ್ಮಾನಿಸುವುದು. ಮೊದಲು ಹಳೇ ದಪ್ಪದ್ದನ್ನೇ ಹಾಕಿ ಜೋಡಿಸಿ. ಹಲ್ಲಿಗೆ ಮಾರ್ಕಿಂಗ್ ಪೇಸ್ಟ್ ಬಳಿದು, ಸ್ವಲ್ಪ ತಡೆ ಕೊಟ್ಟು ತಿರುಗಿಸಿ. ಗುರುತು ಹಲ್ಲಿನ ಬುಡಕ್ಕೆ ಇಳಿದಿದ್ದರೆ ಪಿನಿಯನ್ನು ಜಾಸ್ತಿ ಒಳಗಿದೆ, ಶಿಮ್ ತೆಳು ಮಾಡಿ. ತುದಿಗೆ ಏರಿದ್ದರೆ ದಪ್ಪ ಮಾಡಿ. ಈ ಪ್ರಯೋಗಕ್ಕೆ ಹಳೇ ಬೇರಿಂಗಿನ ಒಳರಂಧ್ರವನ್ನು ಸ್ವಲ್ಪ ಉಜ್ಜಿ ಸಡಿಲ ಮಾಡಿಟ್ಟುಕೊಂಡರೆ ಕೈಯಲ್ಲೇ ಹಾಕಿ ತೆಗೆಯಬಹುದು. ನನಗೆ ಎರಡು ದಿನ ಉಳಿಸಿದ ಉಪಾಯ ಇದು. ಬ್ಯಾಕ್‌ಲ್ಯಾಶ್ ಸರಿ ಮಾಡುವಾಗ ಒಂದು ಪಕ್ಕದಿಂದ ಎಷ್ಟು ದಪ್ಪ ತೆಗೆದಿರೋ ಅಷ್ಟನ್ನೇ ಇನ್ನೊಂದು ಪಕ್ಕಕ್ಕೆ ಸೇರಿಸಿ. ಇಲ್ಲದಿದ್ದರೆ ಪಕ್ಕದ ಬೇರಿಂಗಿನ ಬಿಗಿ ತಪ್ಪುತ್ತದೆ.

ಕ್ರಶ್ ಸ್ಲೀವ್ (ಪಿನಿಯನ್ನಿನ ಎರಡು ಬೇರಿಂಗ್ ನಡುವೆ, ನಟ್ ಬಿಗಿ ಮಾಡಿದಂತೆ ಅದುಮಿ ಕುಗ್ಗುವ ಕೊಳವೆ) ಇದ್ದರೆ ಎಲ್ಲ ಪ್ರಯೋಗ ಹಳೆಯದರಲ್ಲೇ ಮುಗಿಸಿ. ಹೊಸದನ್ನು ಕೊನೆಗೆ ಹಾಕಿ, ನಟ್ ಕೂದಲೆಳೆಯಷ್ಟೇ ಬಿಗಿ ಮಾಡುತ್ತಾ ಪ್ರೀಲೋಡ್ (ಬೇರಿಂಗಿಗೆ ಮೊದಲೇ ಕೊಡುವ ಬಿಗಿ) ನೋಡಿ. ಮಿತಿ ದಾಟಿದರೆ ನಟ್ ಸಡಿಲಿಸಿ ಸರಿ ಮಾಡಲು ಆಗಲ್ಲ, ಇನ್ನೊಂದು ಹೊಸ ಸ್ಲೀವ್ ಬೇಕು.

ಪ್ರಶ್ನೆ ಕೇಳಿದವರು:
ತಿರುಗಿಸಿದರೆ ಸದ್ದಿನಲ್ಲಿ ಏನೂ ವ್ಯತ್ಯಾಸ ಇಲ್ಲ. ಅಷ್ಟು ಸಣ್ಣ ಅಳತೆ ತೋರಿಸುವ ಟಾರ್ಕ್ ರೆಂಚ್ (ತಿರುಗಿಸುವ ಬಲ ಅಳೆಯುವ ಸ್ಪ್ಯಾನರ್) ನನ್ನ ಹತ್ತಿರ ಇಲ್ಲ. ಪ್ರೀಲೋಡ್ ಹೇಗೆ ನೋಡಲಿ?

ಉತ್ತರ 2:
ಸ್ಪ್ರಿಂಗ್ ತಕ್ಕಡಿ ಸಾಕು. ಪಿನಿಯನ್ನಿನ ಫ್ಲೇಂಜಿಗೆ (ಎಂಜಿನ್ ಕಡೆಯಿಂದ ಬರುವ ಶಾಫ್ಟ್ ಸೇರುವ ತಟ್ಟೆ) ದಾರ ಸುತ್ತಿ ಎಳೆಯಿರಿ. ಫ್ಲೇಂಜಿನ ನಡುವಿನಿಂದ ದಾರಕ್ಕೆ 5 ಸೆಂ.ಮೀ. ಇದ್ದರೆ, 2 ನ್ಯೂಟನ್ ಮೀಟರ್ ಪ್ರೀಲೋಡಿಗೆ ತಕ್ಕಡಿ ಸುಮಾರು 4 ಕೆ.ಜಿ. ತೋರಿಸಬೇಕು. ಹೊರಡುವಾಗಿನ ಎಳೆತ ಲೆಕ್ಕಕ್ಕಿಲ್ಲ, ತಿರುಗುತ್ತಿರುವಾಗ ಬರುವುದನ್ನು ಓದಿ. ಆಗ ಕ್ರೌನ್ ವೀಲು ಹೊರಗಿರಬೇಕು. ಹೊಸ ಬೇರಿಂಗಿಗೂ ಓಡಿದ ಬೇರಿಂಗಿಗೂ ಬೇರೆ ಬೇರೆ ಅಂಕಿ ಇರುತ್ತದೆ, ನೋಡಿಕೊಳ್ಳಿ. ಕಾರು ಸ್ಟ್ಯಾಂಡ್ ಮೇಲೇ ಇರಲಿ, ಸುಮ್ನೆ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ.

ಪ್ರಶ್ನೆ ಕೇಳಿದವರು:
ಮೂರು ವಾರಾಂತ್ಯ ಹಿಡಿಯಿತು. ಪಿನಿಯನ್ನಿನ ಮುಂದಿನ ಬೇರಿಂಗಿನ ರೇಸ್ ತುಂಬ ಗುಳಿ ಬಿದ್ದಿತ್ತು. ಪಿನಿಯನ್ ಶಿಮ್ ಹಳೇ ದಪ್ಪದ್ದೇ ಸರಿಹೋಯಿತು. ಪಕ್ಕದ್ದನ್ನು ಮಾತ್ರ ಎರಡು ಸಲ ಬದಲಾಯಿಸಬೇಕಾಯಿತು. ಈಗ ಬ್ಯಾಕ್‌ಲ್ಯಾಶ್ 0.17, ನಾಲ್ಕೂ ಕಡೆ ಹೆಚ್ಚುಕಮ್ಮಿ ಒಂದೇ. ಜಿಎಲ್-5 ದರ್ಜೆಯ ಗೇರ್ ಎಣ್ಣೆ ತುಂಬಿದೆ. ನಿನ್ನೆ 60ರಲ್ಲಿ ಕಿಟಕಿ ಏರಿಸಿ ಓಡಿಸಿದೆ. ಟೈರಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ.